ಬಸ್ ಬಾಡಿಗೆ ಕೇಳುವ ಮುಂಚೆ, ಡ್ರೈವರ್ ಎಷ್ಟು ಹೊತ್ತಿಗೆ ಎದ್ದಿರುತ್ತಾರೆ ಅಂತ ಕೇಳಿ

38 ಜನರ ಗುಂಪು. ಕಡಲ ಪಕ್ಕದ ಒಂದು ಊರಿನಲ್ಲಿ ಎರಡು ದಿನದ ಮಟ್ಟಿಗೆ ಇಳಿದುಕೊಂಡಿದ್ದಾರೆ. ಮಾರನೇ ದಿನ ಬೆಳಿಗ್ಗೆ 6ಕ್ಕೆ ಹೊರಟು, ಮೂರು ಜಾಗ ನೋಡಿಕೊಂಡು, ರಾತ್ರಿ 8ಕ್ಕೆ ವಾಪಸ್ ಬರುವ ಪ್ಲಾನ್. ಬಸ್ ಗೊತ್ತು ಮಾಡುವ ಕೆಲಸ ಯಾರಾದರೂ ಒಬ್ಬರ ತಲೆಗೆ ಬೀಳುತ್ತದೆ. ಅವರು ನಾಲ್ಕು ಕಡೆ ಫೋನ್ ಮಾಡುತ್ತಾರೆ. ನಾಲ್ಕು ರೇಟ್ ಬರುತ್ತದೆ, ಒಂದಕ್ಕೂ ಇನ್ನೊಂದಕ್ಕೂ ತಾಳೆಯೇ ಆಗುವುದಿಲ್ಲ. ಯಾಕೆ ಹೀಗೆ ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ಹಾಗಾಗಿ ಕೊನೆಗೆ ಕಮ್ಮಿ ಹೇಳಿದವರಿಗೆ ಅಡ್ವಾನ್ಸ್ ಹೋಗುತ್ತದೆ.

ನಾನೂ ಹಲವು ವರ್ಷ ಹೀಗೇ ಮಾಡಿದವನು. ಒಂದು ಟ್ರಿಪ್ಪಿನಲ್ಲಿ ಮಧ್ಯಾಹ್ನ ಊಟಕ್ಕೆ ನಿಂತಾಗ ಡ್ರೈವರ್ ಜೊತೆ ಮಾತಿಗೆ ಕೂತೆ. ಹಿಂದಿನ ರಾತ್ರಿ ಬೇರೆ ಗುಂಪನ್ನು ಬಿಟ್ಟು ಬರುವಾಗ ಅವರಿಗೆ 1 ಗಂಟೆ ಆಗಿತ್ತಂತೆ. ನಮ್ಮನ್ನು ಹತ್ತಿಸಿಕೊಳ್ಳಲು 4 ಗಂಟೆಗೆ ಮತ್ತೆ ಎದ್ದಿದ್ದರು. ಅದನ್ನು ಅವರು ದೂರು ಹೇಳುವ ಹಾಗೆ ಹೇಳಲಿಲ್ಲ, ದಿನನಿತ್ಯದ ಮಾತು ಅನ್ನುವ ಹಾಗೆ ಹೇಳಿದರು. ನನಗೆ ಊಟ ಇಳಿಯಲಿಲ್ಲ. ಮೂರನೇ ಜಾಗವನ್ನು ಬಿಟ್ಟು, ಅವರಿಗೆ ಹಿಂದಿನ ಉದ್ದ ಸೀಟಿನಲ್ಲಿ ಎರಡು ಗಂಟೆ ಮಲಗಲು ಹೇಳಿ, ನಾವೆಲ್ಲ ಹೊರಗೆ ಮರದ ಕೆಳಗೆ ಕೂತೆವು. ಆವತ್ತಿನಿಂದ ಈ ಬಾಡಿಗೆ ಲೆಕ್ಕವನ್ನು ನಾನು ಬೇರೆ ರೀತಿ ನೋಡಲು ಶುರು ಮಾಡಿದೆ.

ಮೇಲಿನ 38 ಜನರ ಪ್ಲಾನನ್ನೇ ತೆಗೆದುಕೊಳ್ಳಿ. ಗುಂಪಿನವರ ಪ್ರಕಾರ ಅದು 14 ಗಂಟೆಯ ಟ್ರಿಪ್. ಈಗ ಡ್ರೈವರ್ ಕಡೆಯಿಂದ ನೋಡಿ. ಬಸ್ ನಿಲ್ಲುವ ಡಿಪೋ ಒಂದು ಗಂಟೆ ದೂರದಲ್ಲಿದೆ ಅಂದುಕೊಳ್ಳಿ. ಹೊರಡುವ ಮುಂಚೆ ಟೈರ್, ಲೈಟ್, ಬ್ರೇಕ್, ಬಾಗಿಲು ಎಲ್ಲ ನೋಡಲು ಅರ್ಧ ಗಂಟೆ ಬೇಕು. ಅಂದರೆ ಕೆಲಸ ಶುರುವಾಗುವುದು 4:30ಕ್ಕೆ. ರಾತ್ರಿ 8ಕ್ಕೆ ಗುಂಪನ್ನು ಇಳಿಸಿ, 9ಕ್ಕೆ ಡಿಪೋ ತಲುಪಿ, ಬಸ್ ಗುಡಿಸಿ, ಡೀಸೆಲ್ ಹಾಕಿಸಿ ಮುಗಿಸುವಾಗ 9:30. ಒಟ್ಟು 17 ಗಂಟೆ. ಮನೆಗೆ ಹೋಗಿ ಬರುವ ಹೊತ್ತು ಇದರಲ್ಲಿ ಸೇರಿಲ್ಲ. ಮಧ್ಯೆ ಬಸ್ ನಿಂತಿರುವಾಗ ಅವರು ಸುಮ್ನೆ ಕೂತಿರುತ್ತಾರಲ್ಲ ಅಂತ ಹೇಳುವವರಿದ್ದಾರೆ. ಆದರೆ ಬಿಸಿಲಲ್ಲಿ ನಿಂತ ಬಸ್ಸಿನೊಳಗೆ, ಪಾರ್ಕಿಂಗಿನವರು ಯಾವಾಗ ಬಂದು ಎಬ್ಬಿಸುತ್ತಾರೋ ಅಂತ ಕಾಯುತ್ತಾ ಕೂತದ್ದನ್ನು ನಿದ್ದೆ ಅಂತ ಲೆಕ್ಕ ಹಾಕಲಾಗುತ್ತದಾ?

ಯುರೋಪಿಯನ್ ಒಕ್ಕೂಟದಲ್ಲಿ ಇದಕ್ಕೆ ಸ್ಪಷ್ಟ ಲೆಕ್ಕ ಇದೆ. ಅಲ್ಲಿಯ 2006ರ ನಿಯಮದ ಪ್ರಕಾರ ಒಬ್ಬ ಡ್ರೈವರ್ ದಿನಕ್ಕೆ 9 ಗಂಟೆ ಓಡಿಸಬಹುದು, ವಾರದಲ್ಲಿ ಎರಡು ದಿನ ಮಾತ್ರ 10 ಗಂಟೆವರೆಗೆ ಹೋಗಬಹುದು. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ಬಿಡುವು ಬೇಕು. 24 ಗಂಟೆಯೊಳಗೆ 11 ಗಂಟೆ ಒಟ್ಟಿಗೆ ವಿಶ್ರಾಂತಿ ಸಿಗಬೇಕು, ಎರಡು ವಾರದ ರಜೆಗಳ ನಡುವೆ ಹೆಚ್ಚೆಂದರೆ ಮೂರು ಸಲ ಅದನ್ನು 9ಕ್ಕೆ ಇಳಿಸಬಹುದು. ಅಂದರೆ ಶುರುವಿನಿಂದ ಕೊನೆಯವರೆಗೆ ಎಷ್ಟು ಎಳೆದರೂ 15 ಗಂಟೆ. ನಮ್ಮ 17 ಗಂಟೆಯ ಪ್ಲಾನ್ ಅಲ್ಲಿ ಒಬ್ಬ ಡ್ರೈವರ್ ಕೈಲಿ ಆಗುವಂಥದ್ದಲ್ಲ. ಅಮೆರಿಕದಲ್ಲಿ ಲೆಕ್ಕದ ರೀತಿ ಬೇರೆ. ಸತತ 8 ಗಂಟೆ ರಜೆ ಸಿಕ್ಕ ಮೇಲೆ 10 ಗಂಟೆ ಓಡಿಸಬಹುದು, 15 ಗಂಟೆ ಡ್ಯೂಟಿ ಆದ ಮೇಲೆ ಸ್ಟೇರಿಂಗ್ ಮುಟ್ಟುವ ಹಾಗಿಲ್ಲ. ಎಲ್ಲಿ ಕಾನೂನು ಇಷ್ಟು ಬಿಗಿಯಾಗಿಲ್ಲವೋ, ಅಥವಾ ಇದ್ದರೂ ಯಾರೂ ಕೇಳುವುದಿಲ್ಲವೋ, ಅಲ್ಲಿ ಕೂಡ ಮನುಷ್ಯನ ಕಣ್ಣು ಅದೇ ಕಣ್ಣು ಅಲ್ವಾ.

ಈ ನಿಯಮಗಳ ಸುತ್ತ ಈಗ ಎಳೆದಾಟ ನಡೆಯುತ್ತಿದೆ. 2024ರ ಮೇ ತಿಂಗಳಿಂದ ಯುರೋಪಿನಲ್ಲಿ ಪ್ರವಾಸದ ಬಸ್ಸುಗಳಿಗೆ ಕೆಲವು ಸಡಿಲಿಕೆ ಬಂದಿದೆ. 45 ನಿಮಿಷದ ಬಿಡುವನ್ನು ಕನಿಷ್ಠ 15 ನಿಮಿಷದ ತುಂಡುಗಳಾಗಿ ಮಾಡಿಕೊಳ್ಳಬಹುದು. ಕೆಲವು ಷರತ್ತಿನ ಮೇಲೆ ರಾತ್ರಿಯ ವಿಶ್ರಾಂತಿಯನ್ನು ಒಂದು ಗಂಟೆ ಮುಂದೆ ಹಾಕಬಹುದು. 12 ದಿನ ಸತತ ಕೆಲಸ ಮಾಡಿ ಆಮೇಲೆ ವಾರದ ರಜೆ ತೆಗೆದುಕೊಳ್ಳುವ ಅವಕಾಶ ಮುಂಚೆ ಗಡಿ ದಾಟುವ ಟ್ರಿಪ್‌ಗಳಿಗೆ ಮಾತ್ರ ಇತ್ತು, ಈಗ ದೇಶದೊಳಗಿನ ಟ್ರಿಪ್‌ಗೂ ಸಿಕ್ಕಿದೆ. ಮಾಲೀಕರ ಕಡೆಯವರು ಇದನ್ನು ಸ್ವಾಗತಿಸಿದರು, ಸಾರಿಗೆ ಕಾರ್ಮಿಕರ ಒಕ್ಕೂಟ ವಿರೋಧಿಸಿತು. ಮಾಲೀಕರ ವಾದದಲ್ಲಿ ಸ್ವಲ್ಪ ಹುರುಳಿದೆ. ಪ್ರವಾಸದ ಬಸ್ ಲಾರಿಯ ಹಾಗೆ ಓಡುತ್ತಲೇ ಇರುವುದಿಲ್ಲ, ಅಲ್ಲಲ್ಲಿ ನಿಲ್ಲುತ್ತದೆ, ಬಿಡುವು ತುಂಡು ತುಂಡಾಗಿಯೇ ಸಿಗುತ್ತದೆ. ಆದರೆ 12 ದಿನ ಸತತ ಅನ್ನುವುದನ್ನು ಮಾತ್ರ ನನಗೆ ಒಪ್ಪಲು ಆಗುತ್ತಿಲ್ಲ. ಹತ್ತನೇ ದಿನದ ಸಂಜೆ ಆ ಬಸ್ಸಿನಲ್ಲಿ ಕೂತಿರುವ ಗುಂಪಿಗೆ, ಅದು ಹತ್ತನೇ ದಿನ ಅಂತ ಗೊತ್ತೇ ಇರುವುದಿಲ್ಲ.

ಕಡಲ ಊರಿನಲ್ಲಿ ಇದೆಲ್ಲ ಯಾಕೆ ಜಾಸ್ತಿ ಬಿಗಿಯಾಗುತ್ತದೆ ಅಂತ ಹೇಳುತ್ತೇನೆ. ಒಳನಾಡಿನ ಊರಿಗೆ ನಾಲ್ಕೂ ದಿಕ್ಕಿನಿಂದ ಬಸ್ ಬರಬಹುದು. ಕಡಲ ಊರಿಗೆ ಒಂದು ಪಕ್ಕ ನೀರು. ಊರನ್ನು ನಡುವೆ ಇಟ್ಟು 50 ಕಿಲೋಮೀಟರಿನ ವೃತ್ತ ಎಳೆದರೆ ಅರ್ಧ ವೃತ್ತ ಸಮುದ್ರದಲ್ಲೇ ಹೋಗುತ್ತದೆ. ಆ ಅರ್ಧದಲ್ಲಿ ಡಿಪೋ ಇಲ್ಲ, ಡ್ರೈವರ್ ಇಲ್ಲ, ಕೆಟ್ಟರೆ ಬದಲಿ ಬಸ್ ಇಲ್ಲ. ತೀರದ ಹತ್ತಿರ ಜಾಗಕ್ಕೆ ಬೆಲೆ ಜಾಸ್ತಿ, ಹೋಟೆಲ್ ಕಟ್ಟುವ ಜಾಗದಲ್ಲಿ ಯಾರೂ ಬಸ್ ನಿಲ್ಲಿಸುವುದಿಲ್ಲ. ಹಾಗಾಗಿ ದೊಡ್ಡ ಬಸ್ಸುಗಳು ಒಳಗಿನ ಊರುಗಳಲ್ಲಿ ನಿಲ್ಲುತ್ತವೆ. ಅಲ್ಲಿಂದ ಖಾಲಿ ಬರಬೇಕು, ಮುಗಿದ ಮೇಲೆ ಖಾಲಿ ಹೋಗಬೇಕು. ಆ ಖಾಲಿ ಓಟದ ಡೀಸೆಲ್ಲೂ ಡ್ರೈವರ್ ಸಮಯವೂ ಬಾಡಿಗೆಯಲ್ಲಿ ಸೇರಿರುತ್ತದೆ. ನಾಲ್ಕು ರೇಟ್‌ಗಳ ನಡುವಿನ ಅಂತರದಲ್ಲಿ ದೊಡ್ಡ ಪಾಲು ಇದೇ. ಕೆಲವರು ಖಾಲಿ ಓಟವನ್ನು ಲೆಕ್ಕದಲ್ಲಿ ತೋರಿಸುತ್ತಾರೆ. ಕೆಲವರ ಬಸ್ ನಿಜಕ್ಕೂ ಹತ್ತಿರದಲ್ಲಿರುತ್ತದೆ. ಇನ್ನು ಕೆಲವರು ಅದನ್ನು ಡ್ರೈವರ್ ನಿದ್ದೆಯಿಂದ ತೆಗೆಯುತ್ತಾರೆ. ಫೋನಿನಲ್ಲಿ ಮೂರೂ ಒಂದೇ ಥರ ಕೇಳಿಸುತ್ತದೆ.

ಇದರ ಮೇಲೆ ಸೀಸನ್. ಕಡಲ ಊರಿನ ಬಸ್ ವರ್ಷದ ಕೆಲವೇ ತಿಂಗಳಲ್ಲಿ ಇಡೀ ವರ್ಷದ ಸಾಲದ ಕಂತು ದುಡಿಯಬೇಕು. ಎಲ್ಲ ಗುಂಪುಗಳೂ ಅದೇ ಶನಿವಾರ, ಅದೇ ಭಾನುವಾರ ಕೇಳುತ್ತವೆ. ವಾರದ ನಡುವೆ, ಬೆಳಿಗ್ಗೆ 9:30ರಿಂದ ಮಧ್ಯಾಹ್ನ 2:30ರವರೆಗೆ ಬಸ್ ಕೇಳಿ ನೋಡಿ, ಬಹಳ ಕಡೆ ಸಲೀಸಾಗಿ ಸಿಗುತ್ತದೆ. ಯಾಕೆಂದರೆ ಎಷ್ಟೋ ಮಿನಿಬಸ್ಸುಗಳು ಶಾಲೆಯ ಮಕ್ಕಳನ್ನು ಬಿಟ್ಟು ಮತ್ತೆ ಕರೆತರುವ ಮಧ್ಯದ ಹೊತ್ತಿನಲ್ಲಿ ಸುಮ್ಮನೆ ನಿಂತಿರುತ್ತವೆ.

ಕ್ರೂಸ್ ಹಡಗು ಬರುವ ಬಂದರು ಊರಾದರೆ ಹಡಗಿನ ದಿನಪಟ್ಟಿಯನ್ನೂ ನೋಡಬೇಕು. 3,000 ಜನರ ಒಂದು ಹಡಗಿನಿಂದ ಅರ್ಧದಷ್ಟು ಜನ ಬಸ್ ಹತ್ತಿದರೂ 50 ಸೀಟಿನ 30 ಬಸ್ ಒಂದೇ ಬೆಳಿಗ್ಗೆ ಬೇಕು. ಸುತ್ತಮುತ್ತಲಿನ ಬಸ್ಸುಗಳೆಲ್ಲ ಅಲ್ಲಿಗೇ ಹೋಗಿರುತ್ತವೆ. ಆ ದಿನ ನಿಮಗೆ ಸಿಗುವುದು ದೂರದ ಬಸ್ಸು, ಅಥವಾ ನಿನ್ನೆ ರಾತ್ರಿಯಷ್ಟೇ ವಾಪಸ್ ಬಂದ ಡ್ರೈವರ್. ಕ್ರೊವೇಷಿಯಾದ ಡುಬ್ರೊವ್ನಿಕ್ ಊರಿನವರು ಈ ನೂಕುನುಗ್ಗಲು ತಡೆಯಲಾಗದೆ, ಒಂದು ಹೊತ್ತಿಗೆ ಎರಡೇ ಹಡಗು ಅಂತ ಹಡಗು ಕಂಪನಿಗಳ ಜೊತೆ ಒಪ್ಪಂದಕ್ಕೆ ಬಂದರು.

ಇನ್ನು ದೊಡ್ಡ ಬಸ್ಸೋ ಮಿನಿಬಸ್ಸೋ ಅನ್ನುವ ಪ್ರಶ್ನೆ. ಎಲ್ಲರೂ ತಲೆ ಎಣಿಸಿ ಇದನ್ನು ತೀರ್ಮಾನಿಸುತ್ತಾರೆ. ನನ್ನ ಪ್ರಕಾರ ಮೊದಲು ರಸ್ತೆ ನೋಡಬೇಕು, ಅದರಲ್ಲೂ ಬಸ್ ತಿರುಗಿಸುವ ಜಾಗ. 12 ಮೀಟರಿನ ಕೋಚಿನಲ್ಲಿ, ಅಂದರೆ ದೊಡ್ಡ ಪ್ರವಾಸಿ ಬಸ್ಸಿನಲ್ಲಿ, ಸಾಮಾನ್ಯವಾಗಿ 49ರಿಂದ 53 ಸೀಟು. ಯುರೋಪಿನ ಮಾನದಂಡದ ಪ್ರಕಾರ ಬಸ್ಸು 12.5 ಮೀಟರ್ ತ್ರಿಜ್ಯದ ವೃತ್ತದೊಳಗೆ ತಿರುಗಬೇಕು. ಅಂದರೆ ಒಂದೇ ಸಲಕ್ಕೆ ಪೂರ್ತಿ ತಿರುಗಿಸಲು 25 ಮೀಟರ್ ಅಗಲದ ಬಯಲು ಬೇಕು. ಹಳೇ ಬಂದರಿನ ಓಣಿಗಳಲ್ಲಿ, ಬೆಟ್ಟ ನೇರವಾಗಿ ಕಡಲಿಗೆ ಇಳಿಯುವ ಕಡೆ, ಅಷ್ಟು ಜಾಗ ಎಲ್ಲಿಂದ ತರುವುದು? ಕೆಲವು ಬೀಚ್ ರಸ್ತೆಗಳು ಹೋಗಿ ಹೋಗಿ ಮರಳಿನಲ್ಲೇ ಮುಗಿಯುತ್ತವೆ. ಅಲ್ಲಿಂದ ದೊಡ್ಡ ಬಸ್ಸನ್ನು ರಿವರ್ಸ್‌ನಲ್ಲಿ ತರುವುದು, ಎರಡೂ ಕಡೆ ಮಕ್ಕಳು ಮರಿ ಓಡಾಡುತ್ತಿರುವಾಗ, ನೋಡುವವರಿಗೇ ಎದೆ ಹೊಡೆದುಕೊಳ್ಳುತ್ತದೆ.

ಇಟಲಿಯ ಅಮಾಲ್ಫಿ ಕರಾವಳಿ ಇದಕ್ಕೆ ಒಳ್ಳೆಯ ಉದಾಹರಣೆ. ಬಂಡೆ ಕೊರೆದು ಮಾಡಿದ ಆ ರಸ್ತೆಯಲ್ಲಿ ಎದುರು ಬದುರು ಎರಡು ದೊಡ್ಡ ಬಸ್ ಬಂದರೆ ಇಡೀ ಕರಾವಳಿ ನಿಂತುಬಿಡುತ್ತದೆ. ಅದಕ್ಕೇ ದೊಡ್ಡ ಪ್ರವಾಸಿ ಬಸ್ಸುಗಳು ಪೊಸಿಟಾನೊ ಕಡೆಯಿಂದ ವಿಯೆತ್ರಿ ಕಡೆಗೆ ಮಾತ್ರ ಹೋಗಬೇಕು ಅಂತ ಮಾಡಿದ್ದಾರೆ. ಇದು ಗೊತ್ತಿಲ್ಲದೆ ಪ್ಲಾನ್ ಮಾಡಿದರೆ ಇಡೀ ದಿನದ ದಾರಿಯೇ ಉಲ್ಟಾ ಆಗುತ್ತದೆ. ಆಮ್‌ಸ್ಟರ್‌ಡ್ಯಾಮ್ 2024ರಿಂದ 7.5 ಟನ್ನಿಗಿಂತ ಭಾರದ ಪ್ರವಾಸಿ ಬಸ್ಸುಗಳನ್ನು ಊರಿನ ನಡುಭಾಗಕ್ಕೆ ಬಿಡುತ್ತಿಲ್ಲ, ಅಂಚಿನಲ್ಲಿ ಇಳಿದು ಟ್ರಾಮ್ ಹತ್ತಬೇಕು, ಇಲ್ಲವೇ ನಡೆಯಬೇಕು. ವೆನಿಸ್‌ನಲ್ಲಿ ಅದೇ ವರ್ಷದಿಂದ ಗೈಡ್ ಜೊತೆ ಹೋಗುವ ಗುಂಪಿಗೆ 25 ಜನರ ಮಿತಿ ಇದೆ, ಅಂದರೆ ಒಂದು ಬಸ್ಸಿನಿಂದ ಇಳಿದವರು ಎರಡು ಗುಂಪಾಗಬೇಕು, ಎರಡು ಗೈಡ್ ಬೇಕು. ಇಂಥ ನಿಯಮಗಳು ಒಂದೊಂದೇ ಊರಿಗೆ ಬರುತ್ತಿವೆ. ಊರಿನವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಬಸ್ಸನ್ನೇ ವಿಲನ್ ಮಾಡುವುದು ಸರಿಯಲ್ಲ ಅನ್ನಿಸುತ್ತದೆ. ಅದೇ 38 ಜನ ಕಾರಿಗೆ ನಾಲ್ಕು ಜನರ ಹಾಗೆ ಬಂದರೆ 10 ಕಾರು. ಹತ್ತಕ್ಕೂ ಬೀಚ್ ಹತ್ತಿರವೇ ಪಾರ್ಕಿಂಗ್ ಬೇಕು.

ಹಾಗಾದರೆ ಮಿನಿಬಸ್ಸೇ ಒಳ್ಳೆಯದಾ? ಅದರಲ್ಲೂ ಲೆಕ್ಕ ಇದೆ. 16 ಸೀಟಿನ ಮಿನಿಬಸ್ ಆದರೆ 38 ಜನಕ್ಕೆ ಮೂರು ಬೇಕು. ಮೂರು ಬಸ್ ಅಂದರೆ ಮೂವರು ಡ್ರೈವರ್. ಡ್ರೈವರ್‌ಗಳ ಕೊರತೆ ಬಹಳ ದೇಶಗಳಲ್ಲಿ ಇದೆ, ಇರುವವರಿಗೆ ವಯಸ್ಸಾಗುತ್ತಿದೆ, ಹೊಸಬರು ಬರುತ್ತಿಲ್ಲ. ರಾತ್ರಿ ಹಗಲಿಲ್ಲದ, ಮನೆಯಿಂದ ದೂರ ಇರಬೇಕಾದ ಈ ಕೆಲಸಕ್ಕೆ ಯುವಕರು ಯಾಕೆ ಬರುತ್ತಾರೆ ಹೇಳಿ. ಮೂವರಲ್ಲಿ ಇಬ್ಬರು ಅನುಭವಿಗಳು ಸಿಕ್ಕಿ, ಮೂರನೆಯವರು ಆ ಘಾಟಿ ರಸ್ತೆಗೆ ಹೊಸಬರಾಗಿದ್ದರೆ ಗುಂಪಿನ ಮೂರನೇ ಒಂದು ಪಾಲು ಅವರ ಕೈಲಿ ಇರುತ್ತದೆ.

ಲಗೇಜ್ ವಿಷಯ ಮರೆಯುವವರೇ ಜಾಸ್ತಿ. ಒಬ್ಬರಿಗೆ 20 ಕಿಲೋ ಅಂದರೂ 38 ಜನರದ್ದು 760 ಕಿಲೋ. ಕೋಚಿನಲ್ಲಿ ಸೀಟಿನ ಕೆಳಗೆ ದೊಡ್ಡ ಡಿಕ್ಕಿ ಇರುತ್ತದೆ. ಮಿನಿಬಸ್ಸಿನಲ್ಲಿ ಎಲ್ಲ ಸೀಟೂ ತುಂಬಿದರೆ ಬ್ಯಾಗಿಗೆ ಜಾಗವೇ ಉಳಿಯುವುದಿಲ್ಲ. ಆಗ ನಡುವಿನ ದಾರಿಯಲ್ಲಿ, ಬಾಗಿಲ ಹತ್ತಿರ, ಕಾಲಿನ ಕೆಳಗೆ ಬ್ಯಾಗ್ ಪೇರಿಸುತ್ತಾರೆ. ಬೆಂಕಿ ಬಿದ್ದರೆ ಹೊರಗೆ ಬರುವ ದಾರಿ ಅದೇ ತಾನೇ. 16 ಸೀಟಿನ ಬಸ್ಸಿಗೆ 12 ಜನ ಅಂತ ಲೆಕ್ಕ ಹಾಕಿಕೊಂಡರೆ ಬ್ಯಾಗೂ ಹಿಡಿಸುತ್ತದೆ, ಮನುಷ್ಯರೂ ಹಿಡಿಸುತ್ತಾರೆ. ಗುಂಪಿನಲ್ಲಿ ಗಾಲಿಕುರ್ಚಿ ಬಳಸುವವರಿದ್ದರೆ ಬುಕಿಂಗ್ ಮಾಡುವ ದಿನವೇ ಹೇಳಿ. ಲಿಫ್ಟ್ ಇರುವ ಬಸ್ಸುಗಳು ಕಡಿಮೆ, ಕುರ್ಚಿ ನಿಲ್ಲಿಸಲು ಕೆಲವು ಸೀಟು ತೆಗೆಯಬೇಕಾಗುತ್ತದೆ.

ಹೆಚ್ಚಿನವರು ಗುಂಪಿಗೆ ಇಷ್ಟವಾಗಲಿ ಅಂತ ಒಂದೇ ಮಾದರಿಯ ಬಸ್ಸನ್ನು ಇಡೀ ದಿನಕ್ಕೆ ಹಿಡಿಯುತ್ತಾರೆ. ನನಗೆ ಸರಿ ಕಂಡದ್ದು ಬೇರೆ. ಹೆದ್ದಾರಿಯ ಉದ್ದ ದಾರಿಗೆ ದೊಡ್ಡ ಕೋಚ್, ಕೊನೆಯ ಕೆಲವು ಕಿಲೋಮೀಟರಿಗೆ ಅಲ್ಲಿಯದೇ ಒಂದು ಮಿನಿಬಸ್ಸು ಮೂರು ಸಲ ಹೋಗಿ ಬರಲಿ. ಸ್ಥಳದ ಡ್ರೈವರ್‌ಗೆ ಆ ತಿರುವುಗಳು ಗೊತ್ತಿರುತ್ತವೆ. ಕೋಚಿನ ಡ್ರೈವರ್‌ಗೆ ಆ ಹೊತ್ತಿನಲ್ಲಿ ನಿಜವಾದ ಬಿಡುವು ಸಿಗುತ್ತದೆ. ಅರ್ಧ ಗಂಟೆ ಕಾಯಬೇಕಾಗುತ್ತದೆ, ಗುಂಪಿನಲ್ಲಿ ಕೆಲವರು ಗೊಣಗುತ್ತಾರೆ. ಗೊಣಗಲಿ.

ಉಬ್ಬರ ಇಳಿತ ಕೂಡ ಕೆಲವು ಕಡೆ ಟೈಮ್ ಟೇಬಲ್ ಬರೆಯುತ್ತದೆ. ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ದ್ವೀಪಕ್ಕೆ ಹೋಗುವ ರಸ್ತೆ ದಿನಕ್ಕೆ ಎರಡು ಸಲ ನೀರಿನಡಿ ಮುಳುಗುತ್ತದೆ. ದಾಟಬಹುದಾದ ಹೊತ್ತನ್ನು ಮುಂಚೆಯೇ ಪ್ರಕಟಿಸುತ್ತಾರೆ. ಒಳಗೆ ಹೋದ ಗುಂಪು ಇಪ್ಪತ್ತು ನಿಮಿಷ ತಡ ಮಾಡಿದರೆ ನೀರು ಇಳಿಯುವವರೆಗೆ ಗಂಟೆಗಟ್ಟಲೆ ಅಲ್ಲೇ ಇರಬೇಕು. ಅಷ್ಟು ಹೊತ್ತಿಗೆ ಡ್ರೈವರ್‌ನ ದಿನ ಮುಗಿದಿರುತ್ತದೆ. ಫೆರಿ ಹತ್ತುವ ದಾರಿಯಾದರೂ ಇದೇ ಕಥೆ.

ಈಗ ಬಸ್ಸಿನ ಆರೋಗ್ಯಕ್ಕೆ ಬರೋಣ. ಉಪ್ಪುಗಾಳಿ ಕಬ್ಬಿಣವನ್ನು ಬಿಡುವುದಿಲ್ಲ. ಮೇಲಿನ ಬಣ್ಣ ಫಳಫಳ ಅನ್ನುತ್ತಿದ್ದರೂ ಕೆಳಗೆ ಚಾಸಿ, ಬ್ರೇಕ್ ಪೈಪು, ವೈರಿನ ಜೋಡಣೆಗಳು ತುಕ್ಕು ಹಿಡಿಯುತ್ತಿರುತ್ತವೆ. ಕೆಳಭಾಗವನ್ನು ಸಿಹಿನೀರಿನಲ್ಲಿ ತೊಳೆಯುತ್ತಿರಬೇಕು, ವರ್ಷದ ಪರೀಕ್ಷೆಗೆ ಕಾಯದೆ ಎತ್ತಿ ನೋಡುತ್ತಿರಬೇಕು. ಸೀಸನ್ನಿನಲ್ಲಿ ಬಸ್ಸಿಗೆ ಒಂದು ದಿನವೂ ಬಿಡುವಿಲ್ಲದಾಗ ಮೊದಲು ತಪ್ಪಿಹೋಗುವುದು ಈ ಕೆಲಸವೇ.

2013ರ ಜುಲೈ 28ರ ರಾತ್ರಿ ನಡೆದದ್ದನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ಓದಬೇಕು. ಇಟಲಿಯ ಪೊತ್ಸುವೋಲಿ ಕಡಲ ತೀರದ ಊರು. ಅಲ್ಲಿಯ ಜನ ಒಂದು ಬಸ್ ಬಾಡಿಗೆಗೆ ಹಿಡಿದು ಯಾತ್ರೆಗೆ ಹೋಗಿದ್ದರು. ಮನೆಗೆ ವಾಪಸ್ ಬರುವಾಗ ಅವೆಲ್ಲಿನೊ ಹತ್ತಿರ ಇಳಿಜಾರಿನಲ್ಲಿ ಹಳೇ ಬಸ್ಸಿನ ಬ್ರೇಕ್ ಕೈಕೊಟ್ಟಿತು. ಮುಂದಿದ್ದ ಕಾರುಗಳಿಗೆ ಗುದ್ದಿ, ಸೇತುವೆಯ ತಡೆಗೋಡೆ ಮುರಿದುಕೊಂಡು ಬಸ್ಸು ಕೆಳಗೆ ಬಿತ್ತು. 40 ಜನ ಸತ್ತರು. ಆಮೇಲೆ ಕೋರ್ಟಿನಲ್ಲಿ ಹೊರಬಂದದ್ದು: ಬಸ್ಸಿನ ತಪಾಸಣೆ ಆಗಿದೆ ಅನ್ನುವ ದಾಖಲೆಯೇ ಸುಳ್ಳು. ತಡೆಗೋಡೆ ಹಿಡಿದಿದ್ದ ಬೋಲ್ಟುಗಳೂ ತುಕ್ಕು ತಿಂದಿದ್ದವು. ಬಸ್ಸಿನ ಮಾಲೀಕನಿಗೂ ಹೆದ್ದಾರಿ ಕಂಪನಿಯ ಅಧಿಕಾರಿಗಳಿಗೂ ಶಿಕ್ಷೆ ಆಯಿತು. ಸತ್ತವರು ಯಾರೂ ಬಸ್ಸಿನ ಕಾಗದ ನೋಡಿರಲಿಕ್ಕಿಲ್ಲ. ನಾವೂ ನೋಡುವುದಿಲ್ಲವಲ್ಲ. ಕೇಳುವುದು ಅವಮಾನ ಮಾಡಿದ ಹಾಗೆ ಅಂತ ನಮಗೆ ಸಂಕೋಚ. ಸರಿಯಾಗಿ ಬಸ್ ಇಟ್ಟುಕೊಂಡ ಮಾಲೀಕರಿಗೆ ಕಾಗದ ತೋರಿಸಲು ಸಂಕೋಚ ಇರುವುದಿಲ್ಲ, ನಾನು ಕೇಳಿದಾಗಲೆಲ್ಲ ಅವರು ಖುಷಿಯಿಂದಲೇ ತೋರಿಸಿದ್ದಾರೆ.

ಇಲ್ಲಿ ಇನ್ನೊಂದು ತೊಡಕಿದೆ. ಈಗ ಬುಕಿಂಗ್ ಬಹಳಷ್ಟು ನಡೆಯುವುದು ಫೋನಿನ ಆ್ಯಪ್, ವೆಬ್‌ಸೈಟ್ ಮೂಲಕ. ನೀವು ದುಡ್ಡು ಕೊಟ್ಟದ್ದು ಒಬ್ಬರಿಗೆ, ಅವರು ಟ್ರಿಪ್ ಕೊಟ್ಟದ್ದು ಇನ್ನೊಬ್ಬರಿಗೆ, ಅವರ ಬಸ್ ಖಾಲಿ ಇಲ್ಲದೆ ಕಳಿಸಿದ್ದು ಮೂರನೆಯವರ ಬಸ್. ಪ್ರತಿ ಕೈ ಬದಲಾದಾಗಲೂ ಸ್ವಲ್ಪ ದುಡ್ಡು ಹೋಗುತ್ತದೆ, ಕೊನೆಗೆ ಸ್ಟೇರಿಂಗ್ ಹಿಡಿದವರಿಗೆ ಉಳಿಯುವುದು ಅಷ್ಟೇ ಕಮ್ಮಿ. ತೊಂದರೆಯಾದರೆ ಯಾರು ಜವಾಬ್ದಾರಿ ಅಂತ ಹುಡುಕುವುದೇ ಒಂದು ಕೆಲಸ. ಏಜೆಂಟ್ ಇರಬಾರದು ಅಂತ ನಾನು ಹೇಳುವುದಿಲ್ಲ. ಗೊತ್ತಿಲ್ಲದ ಊರಿನಲ್ಲಿ ಒಳ್ಳೆಯ ಏಜೆಂಟ್ ಬಹಳ ಉಪಕಾರ ಮಾಡುತ್ತಾರೆ. ಆದರೆ ಬಸ್ಸಿನ ನಂಬರ್, ಮಾಲೀಕರ ಹೆಸರು, ಇನ್ಶೂರೆನ್ಸ್ ಯಾರ ಹೆಸರಲ್ಲಿದೆ, ಬಾಡಿಗೆಗೆ ಜನ ಕೂರಿಸಲು ಆ ಬಸ್ಸಿಗೆ ಪರ್ಮಿಟ್ ಇದೆಯಾ, ಇಷ್ಟು ಟ್ರಿಪ್ಪಿನ ಎರಡು ದಿನ ಮುಂಚೆ ಬರಹದಲ್ಲಿ ಸಿಗಬೇಕು. ಡ್ರೈವರ್‌ಗೆ ರಾತ್ರಿ ಉಳಿಯಲು ಕೋಣೆ, ಊಟ ಯಾರು ಕೊಡುತ್ತಾರೆ ಅನ್ನುವುದೂ ಅದರಲ್ಲೇ ಇರಲಿ. ಅದು ಬಿಟ್ಟುಹೋದರೆ ಅವರು ಬಸ್ಸಿನಲ್ಲೇ ಮಲಗುತ್ತಾರೆ, ಸೊಳ್ಳೆ ಕಚ್ಚಿಸಿಕೊಂಡು.

38 ಜನರ ಆ ಪ್ಲಾನನ್ನು ನಾನು ಈಗ ಮಾಡುವುದಾದರೆ ಹೀಗೆ. ಹೊರಡುವುದು 6ಕ್ಕಲ್ಲ, 8ಕ್ಕೆ. ಮೂರು ಜಾಗದ ಬದಲು ಎರಡು. ರಾತ್ರಿ 7ಕ್ಕೆ ವಾಪಸ್. ಆಗ ಡ್ರೈವರ್ ದಿನ 6:30ಕ್ಕೆ ಶುರುವಾಗಿ 8:30ಕ್ಕೆ ಮುಗಿಯುತ್ತದೆ, 14 ಗಂಟೆ. ಇದೂ ಜಾಸ್ತಿಯೇ. ಅದಕ್ಕೇ ಮಧ್ಯಾಹ್ನ ಎರಡು ಗಂಟೆ ಬಸ್ ಅಲುಗಾಡುವುದಿಲ್ಲ ಅಂತ ಗುಂಪಿಗೆ ಮೊದಲೇ ಹೇಳಿಬಿಡುತ್ತೇನೆ. ಮೂರನೇ ಜಾಗ ಬೇಕೇ ಬೇಕು ಅಂತ ಹಠ ಹಿಡಿದರೆ ಎರಡನೇ ಡ್ರೈವರ್ ಬಾಡಿಗೆಯನ್ನು ಎಲ್ಲರೂ ಹಂಚಿಕೊಳ್ಳಬೇಕು. ಇದನ್ನು ಹೇಳಿದ ಮೇಲೆ ಮೂರನೇ ಜಾಗದ ಮೇಲಿನ ಆಸೆ ಹೆಚ್ಚಿನ ಸಲ ಕಡಿಮೆಯಾಗಿದೆ.

ರೇಟ್ ಕೇಳುವಾಗ ನಾನು ಕಳಿಸುವ ಮೆಸೇಜ್ ಇದು, ಬೇಕಾದವರು ತೆಗೆದುಕೊಳ್ಳಿ: "ನಮಸ್ಕಾರ. 38 ಜನ, 30 ಬ್ಯಾಗ್, ಒಬ್ಬರಿಗೆ ಮೆಟ್ಟಿಲು ಹತ್ತಲು ಕಷ್ಟ. ಬೆಳಿಗ್ಗೆ 8ರಿಂದ ರಾತ್ರಿ 7. ಬಸ್ ಎಲ್ಲಿಂದ ಹೊರಡುತ್ತದೆ? ಖಾಲಿ ಓಟ ಸೇರಿಸಿಯೇ ರೇಟ್ ಹೇಳಿ. ಹಿಂದಿನ ದಿನ ಡ್ರೈವರ್‌ಗೆ ಟ್ರಿಪ್ ಇದೆಯಾ, ಇದ್ದರೆ ಎಷ್ಟು ಹೊತ್ತಿಗೆ ಮುಗಿಯುತ್ತದೆ? ಅವರ ಊಟ ನಮ್ಮ ಜೊತೆ."

ಇದಕ್ಕೆ ಕೆಲವರು ಉತ್ತರವನ್ನೇ ಕೊಡುವುದಿಲ್ಲ. ಕೊಟ್ಟವರ ಜೊತೆ ನಾನು ಮಾತು ಮುಂದುವರಿಸುತ್ತೇನೆ.